ಹೋತು ಅನ್ನಬ್ಯಾಡ

ನಾನು ಕಾಲು ಮುಂದಾಗಿ ಹುಟ್ಟಿದವಳು. ಇದರಲ್ಲಿ ನನ್ನ ಕೈವಾಡ ಏನೂ ಇಲ್ಲ. ತಲೆಯನ್ನು ಮೊದಲು ಹೊರಗೆ ಹಾಕಬೇಕೆಂದು ಹೊಟ್ಟೆಯೊಳಗೆ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಆದರೆ ಅದೊಂದೇ ಕಾರಣಕ್ಕೆ ನಾನು ಈ ಆಯುಷ್ಯದಲ್ಲಿ ಒದ್ದಷ್ಟು ಜನರನ್ನು ಯಾವ ಪೊಲೀಸನೂ ಒದ್ದಿರಲಿಕ್ಕಿಲ್ಲ. ನಮ್ಮ ಸುರಪುರದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗೆ ಹೇಳುತ್ತೇನೆ. ಬೆನ್ನು ಹಿಡಿದುಕೊಂಡರೆ, ಸೊಂಟ ಉಳುಕಿದರೆ, ಕಾಲು ಮುಂದಾಗಿ ಹುಟ್ಟಿದವರ ಹತ್ತಿರ ಹೋಗಿ ಒದೆಸಿಕೊಳ್ಳಬೇಕು. ಬಾಗಿಲ ಚೌಕಟ್ಟು ಹಿಡಿದು, ಬೆನ್ನು ತಿರುಗಿಸಿ ನಿಲ್ಲಬೇಕು. ನಾನು ಸೊಂಟಕ್ಕೆ ಮೂರು ಸಲ ಒದ್ದು, ಒಂದೊಂದು ಸಲವೂ "ಹೋತೇನು?" ಎಂದು ಕೇಳಬೇಕು. ಅವರು "ಹೋತು" ಅನ್ನಬೇಕು. ನೋವು ಹೋಗಿರಲಿ ಬಿಡಲಿ, "ಹೋತು" ಅನ್ನಲೇಬೇಕು. ನೋವಿಗೆ ಕಿವಿ ಇದೆಯಂತೆ; "ಹೋಗಿಲ್ಲ" ಅಂದರೆ ಅದನ್ನು ಕೇಳಿಸಿಕೊಂಡು ಅಲ್ಲೇ ಸಂಸಾರ ಹೂಡುತ್ತದಂತೆ.

ಗಂಡ ತೀರಿಕೊಂಡ ಮೇಲೆ ತಮ್ಮ ಕಲ್ಲೇಶನ ಮನೆಗೆ, ಇಲ್ಲಿ ಕೂಕಟ್‌ಪಲ್ಲಿಗೆ ಬಂದೆ. ಹೈದರಾಬಾದಿನಲ್ಲಾದರೂ ಈ ಕಾಟ ತಪ್ಪೀತು ಅಂದುಕೊಂಡಿದ್ದೆ. ಎಲ್ಲಿ! ಕಲ್ಲೇಶನ ಬಾಯಿಗೆ ಬೀಗವಿಲ್ಲ. ಕೋಠಿಯ ಬಟ್ಟೆ ಅಂಗಡಿಯಲ್ಲಿ ಸೀರೆ ಬಿಚ್ಚಿ ಹಾಸುತ್ತಾ ಗಿರಾಕಿಗಳಿಗೆಲ್ಲ ಅಕ್ಕ ಗುರುದೇವಿಯ ಕಾಲಿನ ಮಹಿಮೆ ಸಾರಿದ. ನಾನು ಹೊಲಿಗೆ ಮಷಿನ್ ಮುಂದೆ ಕೂತು ಬ್ಲೌಸಿಗೆ ತೋಳು ಕೂಡಿಸುತ್ತಿದ್ದರೆ ಬಾಗಿಲಲ್ಲಿ ಒಂದು ಮುಖ ಇಣುಕುತ್ತದೆ. "ಅಮ್ಮಾ, ನಡುಮು ಪಟ್ಟೇಸಿಂದಿ." ಸೊಂಟ ಹಿಡಿದಿದೆಯಂತೆ. ಸೂಜಿ ಬಿಟ್ಟು ಎದ್ದು ಒದೆಯಬೇಕು. ಕೆಳಗಿನ ಮನೆಯ ಬ್ಯಾಂಕ್ ಮ್ಯಾನೇಜರು ಕೂಡ ಒಂದು ಭಾನುವಾರ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತರು. ಒದ್ದೆ. "ಪೋಯಿಂದಿ, ಪೋಯಿಂದಿ, ಹೋಯಿತಮ್ಮಾ" ಅನ್ನುತ್ತಾ, ಸೊಂಟವನ್ನು ಹಿಡಿದುಕೊಂಡೇ ಕುಂಟುತ್ತಾ ಮೆಟ್ಟಿಲಿಳಿದು ಹೋದರು.

ಕಲ್ಲೇಶನ ಮಗಳು ಭಾಗ್ಯಶ್ರೀಗೆ ಒಂಬತ್ತು ವರ್ಷ. ಬಂದವರಿಗೆ ನಾನು ಒದೆಯುವಾಗ ಬಾಗಿಲ ಮರೆಯಲ್ಲಿ ನಿಂತು "ಹೋತು, ಹೋತು" ಅಂತ ಅವರಿಗಿಂತ ಮೊದಲೇ ಕೂಗುವವಳು ಅವಳೇ. ನಮ್ಮಿಬ್ಬರದೇ ಇನ್ನೊಂದು ಆಟವೂ ಇತ್ತು. ಬಟ್ಟೆ ಒಗೆದು ಬಂದವಳು ನನ್ನ ಒದ್ದೆ ಕಾಲನ್ನು, ಮಂಜುಗಡ್ಡೆಯಂತೆ ತಣ್ಣಗಿರುವುದನ್ನು, ಹೋಂವರ್ಕ್ ಬರೆಯುತ್ತಾ ಕೂತವಳ ಮೈಗೆ ಒತ್ತುತ್ತಿದ್ದೆ. ಅವಳು "ತಣ್ಣಗೈತಿ, ತೆಗಿ ಅತ್ತಿ!" ಎಂದು ಮನೆ ಹಾರಿಹೋಗುವ ಹಾಗೆ ಚೀರುತ್ತಿದ್ದಳು. ಅವಳ ತಾಯಿ ಸಪ್ನಾ ಅಡುಗೆಮನೆಯಿಂದ ಇಬ್ಬರಿಗೂ ಸೇರಿಸಿ ಬೈಯುತ್ತಿದ್ದಳು.

ಆ ಶನಿವಾರ ಶಾಲೆಯಲ್ಲಿ ವಾರ್ಷಿಕೋತ್ಸವದ ತಾಲೀಮು. ಭಾಗ್ಯಾ ಯೋಗದ ತಂಡದಲ್ಲಿ ಮುಂದಿನ ಸಾಲು. ನಿಂತಲ್ಲಿಂದ ಹಿಂದಕ್ಕೆ ಬಾಗಿ ಎರಡೂ ಅಂಗೈಗಳನ್ನು ನೆಲಕ್ಕೆ ಮುಟ್ಟಿಸಬೇಕಂತೆ. ಮನುಷ್ಯ ಮುಂದಕ್ಕೆ ಬಾಗುವುದೇ ಕಷ್ಟವಾಗಿರುವ ಕಾಲದಲ್ಲಿ ಮಕ್ಕಳನ್ನು ಹಿಂದಕ್ಕೆ ಬಾಗಿಸಿ ಇವರಿಗೆ ಏನು ಸಿಗುತ್ತದೋ ಕಾಣೆ. ಮಧ್ಯಾಹ್ನ ಹುಡುಗಿ ಬೆನ್ನು ಹಿಡಿದುಕೊಂಡು ಮನೆಗೆ ಬಂದಳು.

"ಅತ್ತಿ, ಬಾಗಿದಾಗ ಬೆನ್ನಾಗ ಚಳಕ್ ಅಂತು. ಎದಿಗೆ ಯಾರೋ ಪಟ್ಟಿ ಕಟ್ಟಿ ಬಿಗದಂಗ ಆಗೇತಿ."

"ಡಾಕ್ಟರಿಗೆ ತೋರಸ್ರಿ" ಅಂದೆ.

ಸಪ್ನಾ ಮುಲಾಮು ತಿಕ್ಕಿದಳು. ಕಲ್ಲೇಶ ಊಟಕ್ಕೆ ಬಂದಿದ್ದ, ನಗತೊಡಗಿದ. "ಮನ್ಯಾಗ ನಿನ್ನ ಕಾಲು ಇಟ್ಕೊಂಡು ಡಾಕ್ಟರ್ ಮನಿ ಯಾಕ ತುಳೀಬೇಕಕ್ಕಾ? ಊರ ಮಂದಿಗೆಲ್ಲಾ ಒದಿತಿ, ನಮ್ಮ ಕೂಸಿಗೆ ಒಂದು ಒದಿಯಾಕ ಬರೂದಿಲ್ಲೇನು?"

ನಾನು ಮಕ್ಕಳನ್ನು ಒದೆಯುವುದಿಲ್ಲ. ಎಳೆ ಎಲುಬು ಅಂತ ಎಷ್ಟೋ ಸಲ ಹೇಳಿದ್ದೇನೆ. ಆದರೆ ಗಂಡ ಹೆಂಡತಿ ಇಬ್ಬರೂ ಸೇರಿ ನನ್ನ ತಲೆ ತಿನ್ನತೊಡಗಿದರು. ಅಕ್ಕಾರ ಅಂತ ಅವಳು, ಅಕ್ಕಾ ಅಂತ ಇವನು. ಬಟ್ಟೆ ಅರ್ಧ ಒಗೆದಿದ್ದೆ. ಇವರ ಕಾಟ ತಪ್ಪಿದರೆ ಸಾಕು, ಸುಮ್ಮನೆ ಕಾಲು ತಾಗಿಸಿದರಾಯಿತು ಅಂತ ಬಂದೆ. ಭಾಗ್ಯಾ ಚೌಕಟ್ಟು ಹಿಡಿದು ನಿಂತಳು. ಕಾಲುಗಳು ಸಣ್ಣಗೆ ನಡುಗುತ್ತಿದ್ದವು. ಒದ್ದೆ ಪಾದವನ್ನು ಅಂಗಿಯ ಕೆಳಗೆ ಸೊಂಟಕ್ಕೆ ಮೆಲ್ಲಗೆ ಮುಟ್ಟಿಸಿದೆ. ಅದು ಒದೆತವಲ್ಲ, ನೊಣ ಕೂತರೆ ಅದಕ್ಕಿಂತ ಭಾರ.

"ಹೋತೇನು?"

"ಹೋತು."

ಚೀರಲೇ ಇಲ್ಲ ಹುಡುಗಿ. ಇವಳಿಗೆ ಇವತ್ತು ನನ್ನ ಕಾಲಿನ ತಂಪು ತಾಗಲಿಲ್ಲವೇ ಅಂತ ಒಂದು ಗಳಿಗೆ ಅನ್ನಿಸಿತು. ಎರಡನೆಯ ಸಲವೂ "ಹೋತು" ಅಂದಳು, ಸಣ್ಣ ದನಿಯಲ್ಲಿ. ಮೂರನೆಯದಕ್ಕೆ ನಾನು ಕಾಲೆತ್ತುವ ಮೊದಲೇ ಅವಳ ಮೊಣಕಾಲು ಮಡಚಿಕೊಂಡವು. ಚೌಕಟ್ಟು ಹಿಡಿದ ಹಾಗೆಯೇ ಜಾರಿ ಕೆಳಗೆ ಕೂತುಬಿಟ್ಟಳು.

"ಕಾಲು ನಿಲ್ಲವಲ್ಲವು ಅತ್ತಿ."

ಕಲ್ಲೇಶ "ಏಳು, ನಾಟಕ ಸಾಕು" ಅಂದ. ಅವಳು ಏಳಲಿಲ್ಲ. ಎತ್ತಿ ಮಲಗಿಸಿದೆವು. ಸಂಜೆಗೆ ಹೊದಿಕೆ ಸರಿಸಿ ನೋಡಿದರೆ ಎರಡೂ ಕಾಲು ಇಟ್ಟಲ್ಲೇ ಇದ್ದವು. ಬೆರಳು ಆಡಿಸು ಅಂದರೆ ಕಾಲನ್ನೇ ನೋಡುತ್ತಾ ಕಣ್ಣಲ್ಲಿ ನೀರು ತಂದುಕೊಂಡಳು.

ಅಷ್ಟರಲ್ಲಿ ಮೆಹದಿಪಟ್ಟಣದಿಂದ ಸಪ್ನಾಳ ತಾಯಿ ಶಾರದಾಬಾಯಿ ಬಂದಿಳಿದರು. ಕೂಸಿನ ಮುಖ ನೋಡುವುದಕ್ಕೆ ಮೊದಲು ನನ್ನ ಕಾಲು ನೋಡಿದರು.

"ಒದ್ದು ಒದ್ದು ಕೂಸಿನ ಬೆನ್ನು ಮುರದೀರಿ ನೀವ!"

"ನಾ ಮುಟ್ಟಿಸೀನಿ ಅಷ್ಟ ಬೀಗರ. ನೋವು ಸಾಲ್ಯಾಗ ಬಂದೈತಿ, ಬಾಗಿದಾಗ."

"ಬಾಗಿದ್ರ ಯಾರರ ಕಾಲು ಹೋಗ್ತಾವೇನು?"

ಒದಿ ಒದಿ ಅಂತ ಪ್ರಾಣ ಹಿಂಡಿದ ನನ್ನ ತಮ್ಮ ಈಗ ನೆಲ ನೋಡುತ್ತಾ ನಿಂತಿದ್ದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಎಳೆಯಲಿ, ನನಗೇನು, ಮೊದಲು ಕೂಸನ್ನು ಎತ್ತಿ ನಡೀರಿ ಅಂದೆ.

ಹತ್ತಿರದ ಒಂದು ಖಾಸಗಿ ಆಸ್ಪತ್ರೆಗೆ ಹೋದೆವು. ಡ್ಯೂಟಿಯಲ್ಲಿದ್ದ ಡಾಕ್ಟರು ಎಳೆಯ ಹುಡುಗ. ಏನಾಯಿತು ಅಂತ ಅವನು ಕೇಳಿದ ಕೂಡಲೇ ಕಲ್ಲೇಶ ಸತ್ಯಹರಿಶ್ಚಂದ್ರನ ಹಾಗೆ ಎದೆ ಸೆಟೆಸಿ "ನಮ್ಮಕ್ಕ ಒದ್ದಳು ಸಾರ್" ಅಂದ. ಶಾಲೆಯ ಸುದ್ದಿಯೇ ಇಲ್ಲ! ಡಾಕ್ಟರು ನನ್ನ ಕಾಲು ನೋಡಿದ. ನರ್ಸು ನೋಡಿದಳು. ಪಕ್ಕದ ಹಾಸಿಗೆಯ ಮುದುಕನೂ ಎದ್ದು ಕೂತು ನೋಡಿದ. "ಬಾಗಿದಾಗಲೇ ನೋವು ಬಂತು" ಅಂತ ನಾನು ಹಿಂದಿಯಲ್ಲಿ ಒಮ್ಮೆ, ತೆಲುಗಿನಲ್ಲಿ ಒಮ್ಮೆ ಹೇಳಿದೆ. ಒದ್ದವಳ ಮಾತನ್ನು ಯಾರು ಕೇಳುತ್ತಾರೆ? ಎಲುಬು ಮುರಿದಿದೆಯೋ ನೋಡೋಣ ಅಂತ ಎಕ್ಸ್‌ರೇ ತೆಗೆದರು. ಎಲುಬು ನೆಟ್ಟಗಿತ್ತು. ಎಂಆರ್‌ಐ ಯಂತ್ರದೊಳಗೆ ತಳ್ಳಿದರು. ಅದರಲ್ಲೂ ಏನೂ ಕಾಣಲಿಲ್ಲ.

ಡಾಕ್ಟರು ಮತ್ತೆ ಬಂದು ಹುಡುಗಿಯನ್ನು ಕೇಳಿದ. "ಬೆನ್ನಲ್ಲಿ ನೋವು ಇದೆಯಾ ಪಾಪಾ?"

ಅವಳು ಬಾಯಿ ತೆರೆಯುವ ಮೊದಲೇ ಸಪ್ನಾ ಅವಸರ ಮಾಡಿ "ಪೋಯಿಂದಿ ಸಾರ್, ಹೋತ್ರಿ" ಅಂದಳು. ಕಲ್ಲೇಶ "ಹೋತು, ಹೋತು" ಅಂದ. ನನ್ನನ್ನು ನುಂಗುವ ಹಾಗೆ ನೋಡುತ್ತಿದ್ದ ಶಾರದಾಬಾಯಿ ಕೂಡ ಮೊಮ್ಮಗಳ ಕಿವಿಯಲ್ಲಿ "ಹೋತು ಅನ್ನವ್ವ, ಇಲ್ಲಂದ್ರ ಅಲ್ಲೇ ಕುಂದರ್ತೈತಿ" ಅಂತ ಉಸುರಿದರು. ನೋಡಿ ಇವರ ಬುದ್ಧಿ! ಒದೆತಕ್ಕೆ ಬೈಯುತ್ತಾರೆ, ಒದೆತದ ನೇಮ ಮಾತ್ರ ಬಿಡುವುದಿಲ್ಲ. ಹುಡುಗಿ ನನ್ನ ಮುಖ ನೋಡಿ "ಹೋತು" ಅಂದಳು.

ಡಾಕ್ಟರು ಹತ್ತಿಯ ಉಂಡೆಯಿಂದ ಅವಳ ಕಾಲು ಸವರಿದ. ಗೊತ್ತಾಗುತ್ತದೆಯಾ ಅಂದರೆ ಹೂಂ ಅಂದಳು. ಅಲ್ಲಿಗೆ ಮುಗಿಯಿತು. ನೋವು ಹೋಗಿದೆ, ಮುಟ್ಟಿದ್ದು ತಿಳಿಯುತ್ತದೆ, ಎಲುಬು ಸರಿಯಿದೆ, ಫೋಟೋ ಸರಿಯಿದೆ. ಹಾಗಾದರೆ ಕಾಲು ಯಾಕೆ ಏಳುವುದಿಲ್ಲ? ಭಯದಿಂದ. ವಾರ್ಷಿಕೋತ್ಸವದ ಭಯ ಇರಬಹುದು, ಮನೆಯಲ್ಲಿ ಒದೆಯುತ್ತಾರಲ್ಲ, ಆ ಭಯವೂ ಇರಬಹುದು. ಸೋಮವಾರ ಮನಸ್ಸಿನ ಡಾಕ್ಟರು ಬರುತ್ತಾರೆ, ತೋರಿಸಿ ಅಂದ. ಹೀಗನ್ನುವಾಗಲೂ ಅವನು ನನ್ನ ಕಾಲಿನ ಕಡೆಗೇ ನೋಡಿದ. ಅವನನ್ನು ಅಂದು ಏನು ಫಲ, ನಾವು ಅವನಿಗೆ ಬಡಿಸಿದ್ದೇ ಸುಳ್ಳು.

ಬೆಳಿಗ್ಗೆ ಒಬ್ಬ ನರ್ಸು ಚಾಕಲೇಟು ಹಿಡಿದುಕೊಂಡು ಬಾಗಿಲಲ್ಲಿ ನಿಂತಳು. ಹಿಂದಿನಿಂದ ಇಬ್ಬರು ಕೂಸನ್ನು ಎತ್ತಿ ನಿಲ್ಲಿಸಿ "ನಡಿ, ಚಾಕಲೇಟ್ ತಗೊ" ಅಂದರು. ಕೈ ಬಿಟ್ಟರು. ಹುಡುಗಿ ಗೋಣಿಚೀಲದ ಹಾಗೆ ಕುಸಿದಳು. ಗದ್ದ ನೆಲಕ್ಕೆ ಬಡಿಯಿತು. ಸಪ್ನಾ ಗೋಡೆಗೆ ಮುಖ ಮಾಡಿ ಅಳತೊಡಗಿದಳು.

ನನ್ನ ಪಿತ್ತ ನೆತ್ತಿಗೇರಿತು. "ಯಾವ ಕೂಸು ಗದ್ದ ಒಡಕೊಂಡು ನಾಟಕ ಮಾಡ್ತೈತ್ರೀ? ನಿಮ್ಮ ಚಾಕಲೇಟ್ ನೀವ ತಿನ್ರಿ!" ಅಂತ ಕನ್ನಡದಲ್ಲೇ ಕಿರುಚಿದೆ. ಭಾಷೆ ತಿಳಿಯದಿದ್ದರೂ ಅರ್ಥ ಎಲ್ಲರಿಗೂ ತಿಳಿಯಿತು.

ಶಾರದಾಬಾಯಿ ಆಗಲೇ ಊರಿಗೆ ಫೋನು ಹಚ್ಚಿದ್ದರು. ಅವರ ಕಡೆ ಲಕ್ವಾಕ್ಕೆ ಔಷಧ ಕೊಡುವವನೊಬ್ಬ ಇದ್ದಾನಂತೆ. ಪಾರಿವಾಳದ ಬಿಸಿ ರಕ್ತ ಹಚ್ಚಿ ತಿಕ್ಕಿದರೆ ಎಂಥ ಕಾಲೂ ಏಳುತ್ತದಂತೆ. ಜೀಪು ಮಾಡಿಕೊಂಡು ಹೋಗೋಣ ಅಂದರು. ಕಲ್ಲೇಶ "ಹೂಂ" ಅನ್ನುವುದರಲ್ಲಿದ್ದ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ ನನ್ನ ತಮ್ಮನದು.

"ಜೀಪಿನ್ಯಾಗ ಈಕಿನ್ನ ಕುಂದ್ರಿಸಿ ಕುಲುಕಿಸ್ಕೊಂತ ಒಯ್ದ್ರ ನಾ ಅಡ್ಡ ಮಲಗ್ತೀನಿ. ಮಕ್ಕಳ ದೊಡ್ಡ ದವಾಖಾನಿ ಐತಿ, ಅಲ್ಲಿಗೆ ನಡಿ."

"ಮತ್ತ ಅಲ್ಲಿ ನಿನ್ನ ಒದಿ ಸುದ್ದಿ ಬಂದ್ರ?"

"ಬರ್ಲಿ. ನನ್ನನ್ನ ಜೈಲಿಗೆ ಹಾಕ್ಲಿ. ಕೂಸು ನಡೀಬೇಕೋ ಬ್ಯಾಡೋ?"

ಆಂಬುಲೆನ್ಸಿನಲ್ಲಿ ಮಲಗಿಸಿಕೊಂಡು ಹೊರಟೆವು. ಹೋಗುವಾಗ ಹುಡುಗಿಯ ಹೊಟ್ಟೆ ಕೈಗೆ ತಾಗಿತು, ತಂಬೂರಿ ಬುರುಡೆಯಂತೆ ಬಿಗಿದಿತ್ತು. ಒಂದಕ್ಕೆ ಹೋಗಿದ್ದಾಳೇನೇ ಅಂತ ಸಪ್ನಾಳನ್ನು ಕೇಳಿದೆ. "ನಿನ್ನೆ ಮಧ್ಯಾಹ್ನದಿಂದ ಇಲ್ಲರಿ ಅಕ್ಕಾರ, ದವಾಖಾನ್ಯಾಗ ನಾಚ್ತಾಳ" ಅಂದಳು. ನಾಚುತ್ತಾಳಂತೆ!

ಮಕ್ಕಳ ಆಸ್ಪತ್ರೆಯಲ್ಲಿ ಡಾಕ್ಟರ್ ವೇದವತಿ ಅಂತ ಇದ್ದರು. ಮಕ್ಕಳ ನರದ ಕಾಯಿಲೆ ನೋಡುವವರು. ನನ್ನ ವಯಸ್ಸಿನವರೇ, ಮೂಗಿನ ತುದಿಯ ಮೇಲೆ ಕನ್ನಡಕ, ಅದರ ಮೇಲೆ ಸಿಟ್ಟು. ಕಲಬುರಗಿಯಲ್ಲಿ ಓದಿದ್ದರಂತೆ. ಕನ್ನಡ ಚೆನ್ನಾಗಿ ಬರುತ್ತಿತ್ತು, ಆದರೆ ಅದನ್ನು ಬೈಯುವುದಕ್ಕೆ ಮಾತ್ರ ಇಟ್ಟುಕೊಂಡಂತಿತ್ತು. ಬಂದವರೇ ಹುಡುಗಿಯ ಹೊಟ್ಟೆ ಒತ್ತಿ ನೋಡಿದರು.

"ಮೂತ್ರ ಯಾವಾಗ ಮಾಡ್ಯಾಳ?"

ಸಪ್ನಾ ತಡವರಿಸಿದಳು. ಕೊಳವೆ ಹಾಕಿಸಿದರು. ಚೀಲ ತುಂಬುತ್ತಲೇ ಹೋಯಿತು. ವೇದವತಿ ಅದನ್ನು ನಮ್ಮೆಲ್ಲರ ಮುಖಕ್ಕೆ ಹಿಡಿದರು. "ಇದು ನಾಟಕನಾ? ಯಾವ ಮಗು ಹೊಟ್ಟಿ ಒಡಿಯೋ ತನಕ ನಾಟಕ ಮಾಡ್ತದ? ಕಾಲು ಬಿದ್ದ ಮಗು ಮೂತ್ರ ಮಾಡ್ಯಾದೋ ಇಲ್ಲೋ ಅಂತ ಕೇಳೋದು ಯಾರಿಗೂ ತಿಳೀಲಿಲ್ಲಾ?"

ಬಹಳ ಹೊತ್ತಿನ ಮೇಲೆ ನನ್ನ ಹಾಗೆ ಸಿಟ್ಟು ಬಂದ ಮನುಷ್ಯರೊಬ್ಬರನ್ನು ಕಂಡು ನನಗೆ ಉಸಿರು ಬಂತು.

ಆಮೇಲೆ ಅವರು ತಲೆದಿಂಬಿನ ಹತ್ತಿರ ಬಗ್ಗಿ ಕೇಳಿದರು. "ಪುಟ್ಟಿ, ಬೆನ್ನು ನೋವು ಅದನಾ?"

"ಹೋತ್ರಿ" ಅಂದ ಕಲ್ಲೇಶ. "ಹೋತ್ರಿ" ಅಂದಳು ಸಪ್ನಾ. "ಹೋತು ಹೋತು" ಅಂದರು ಶಾರದಾಬಾಯಿ.

"ನೋವು ಯಾರಿಗೆ ಬಂದದ? ನಿಮಗಾ? ಬಾಯಿ ಮುಚ್ರಿ ಎಲ್ಲಾರೂ! ಮಗು ಹೇಳ್ಲಿ."

ಭಾಗ್ಯಾ ಡಾಕ್ಟರನ್ನು ನೋಡಲಿಲ್ಲ. ನನ್ನ ಕಡೆ ತಿರುಗಿದಳು. ಬಾಗಿಲ ಮರೆಯಲ್ಲಿ ನಿಂತು ಬಂದವರೆಲ್ಲ ಹೇಳಿದ್ದನ್ನು ಕೇಳಿಕೊಂಡೇ ಬೆಳೆದ ಕೂಸು ಅದು. ತುಟಿ ಅಲ್ಲಾಡಿತು. "ಹೋತು."

ಆಗ ನನಗೆ ಹೊಳೆಯಿತು. ಈ ಹುಡುಗಿ ಬೇಕಾದರೆ ಸತ್ತುಹೋದಾಳು, ನೋವು ಇದೆ ಅಂತ ಹೇಳಲಿಕ್ಕಿಲ್ಲ. ಹೇಳಿದರೆ ನನ್ನ ಕಾಲಿಗೆ ಅವಮಾನ, ಹೇಳಿದರೆ ನೋವು ಅಲ್ಲೇ ಕೂರುತ್ತದೆ, ಹೇಳಿದರೆ ಅಜ್ಜಿ ಅತ್ತೆಗೆ ಬೈಯುತ್ತಾಳೆ. ಇಷ್ಟನ್ನೆಲ್ಲ ಹೊತ್ತುಕೊಂಡು ಮಲಗಿದೆ ಒಂಬತ್ತು ವರ್ಷದ ಜೀವ. ನಮ್ಮಂಥ ದೊಡ್ಡವರ ಬಾಯಿಗೆ ಮಣ್ಣು ಹಾಕಬೇಕು.

ಹಾಸಿಗೆಯ ಹತ್ತಿರ ಹೋಗಿ ಅವಳ ಗಲ್ಲ ಹಿಡಿದೆ.

"ಭಾಗ್ಯಾ, ನನ್ನ ಕಡೆ ನೋಡು. ಕಾಲು ಮುಂದಾಗಿ ಹುಟ್ಟಿದಾಕಿ ಯಾರು? ನಾನು. ನೇಮ ನಂದು. ನಾ ಹೇಳಾಕತ್ತೀನಿ, ಹೋತು ಅನ್ನಬ್ಯಾಡ. ಖರೆ ಹೇಳು."

"ಅಕ್ಕಾರ!" ಅಂತ ಸಪ್ನಾ ಹೆದರಿ ಬಾಯಿಗೆ ಸೆರಗು ಒತ್ತಿಕೊಂಡಳು.

"ಹೇಳವ್ವ. ನೋವು ಕೇಳಿಸ್ಕೊಂಡ್ರ ಕೇಳಿಸ್ಕೊಳ್ಳಿ. ಅದಕ್ಕೂ ಎರಡು ಒದಿತೀನಿ."

ಹುಡುಗಿಯ ಮುಖ ಮುದುಡಿತು. "ಹೋಗಿಲ್ಲತ್ತಿ" ಅಂದಳು. ಅಂದವಳೇ ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ಎಲ್ಲ ಹೊರಗೆ ಬಂತು. ಹಿಂದಕ್ಕೆ ಬಾಗಿದಾಗ ಚಳಕ್ ಎಂದದ್ದು, ಎದೆಗೆ ಪಟ್ಟಿ ಬಿಗಿದಂತಾದದ್ದು, ಶಾಲೆಯ ಮೆಟ್ಟಿಲಿಳಿಯುವಾಗಲೇ ಕಾಲು ಜುಮುಜುಮು ಎಂದದ್ದು, ಮನೆಗೆ ಬರುವಷ್ಟರಲ್ಲಿ ಕಾಲು ತನ್ನದಲ್ಲ ಅನ್ನಿಸಿದ್ದು, ಒಂದಕ್ಕೆ ಬಂದದ್ದೇ ತಿಳಿಯದಿದ್ದದ್ದು. ವೇದವತಿ ನಡುವೆ ಒಂದು ಮಾತೂ ಆಡದೆ ಕೇಳಿದರು. ಸಿಟ್ಟಿನವರು ಅಷ್ಟು ಸುಮ್ಮನೆ ಕೇಳುವುದನ್ನು ನಾನು ಅದೇ ಮೊದಲು ನೋಡಿದ್ದು.

ಆಮೇಲೆ ಎರಡು ಕವಲಿನ ಒಂದು ಉಕ್ಕಿನ ಕಡ್ಡಿಯನ್ನು ಅವಳ ತೊಡೆಗೆ ಇಟ್ಟು ತಣ್ಣಗಿದೆಯಾ ಅಂದರು. "ಏನೋ ಮುಟ್ಟಿದಂಗೈತಿ. ತಣ್ಣಗ ಗೊತ್ತಾಗವಲ್ತು" ಅಂದಳು. ಅದನ್ನೇ ಕೈಗೆ ಇಟ್ಟರೆ ಸರಕ್ಕನೆ ಕೈ ಎಳೆದುಕೊಂಡಳು. ಮೊಂಡು ಸೂಜಿಯಿಂದ ಕಾಲು ಚುಚ್ಚಿದರು. ಚುಚ್ಚಿದ್ದು ತಿಳಿಯುತ್ತಿತ್ತು, ಚುರುಕು ಮಾತ್ರ ಇಲ್ಲ. ಹಾಗೆ ಚುಚ್ಚುತ್ತಾ ಹೊಟ್ಟೆಯ ಮೇಲೆ ಬಂದರು. ಎದೆಗೂಡಿನ ಅಂಚಿಗೆ ಬಂದಾಗ "ಆಯ್!" ಅಂದಳು.

"ಹಂಗಾರ ನಿನ್ನಿ ನನ್ನ ಕಾಲೂ ಈಕಿಗೆ ತಣ್ಣಗ ಹತ್ತಿಲ್ಲರಿ" ಅಂದೆ.

ವೇದವತಿ ತಿರುಗಿದರು. "ಯಾವ ಕಾಲು?"

ಇನ್ನೇನು ಮಾಡುವುದು, ಒದೆತದ ಪುರಾಣವನ್ನೆಲ್ಲ ಹೇಳಿದೆ. ಅವರು ನನ್ನ ಕಾಲನ್ನು ನೋಡಲಿಲ್ಲ. ಆ ಆಸ್ಪತ್ರೆಗಳಲ್ಲಿ ನನ್ನ ಮುಖ ನೋಡಿದವರು ಅವರೊಬ್ಬರೇ. "ಅಂದ್ರ ನೀವು ಮುಟ್ಟೋ ಮೊದಲೇ ತಣ್ಣಗಿಂದು ಗೊತ್ತಾಗೋದು ಹೋಗಿತ್ತು. ನಿಮ್ಮ ಕಾಲಿಂದ ಏನೂ ಆಗಿಲ್ಲ. ನಿಮ್ಮ ಕಾಲಿನ ಸುದ್ದಿಯಿಂದ ಒಂದಿಡೀ ದಿನ ಹಾಳಾತು, ಅಷ್ಟೇ."

ಅದನ್ನು ಕೇಳಿ ಶಾರದಾಬಾಯಿ ಸೆರಗು ಸರಿಮಾಡಿಕೊಂಡರು. ಕ್ಷಮಿಸಿ ಅನ್ನುವ ಪದ್ಧತಿ ಅವರ ಮನೆತನದಲ್ಲಿ ಇಲ್ಲ.

ಮತ್ತೊಮ್ಮೆ ಎಂಆರ್‌ಐ ಮಾಡಿಸಿದರು, ಈ ಸಲ ಬೇರೆ ಬಗೆಯಲ್ಲಿ. ಬೆನ್ನಿನಿಂದ ನೀರು ತೆಗೆದು ಊತವೋ ಸೋಂಕೋ ಇದೆಯೇ ನೋಡಿದರು. ಹೃದಯ ನೋಡಿದರು, ರಕ್ತ ಹೆಪ್ಪುಗಟ್ಟುವ ಪರೀಕ್ಷೆ ಮಾಡಿದರು. ಕೊನೆಗೆ ನಮ್ಮನ್ನು ಕೂರಿಸಿ ಪರದೆಯ ಮೇಲೆ ತೋರಿಸಿದರು. ಬೆನ್ನುಹುರಿಯ ಮುಂಭಾಗದಲ್ಲಿ ಒಂದು ಬಿಳಿ ಗೆರೆ.

"ಇದು ಬೆನ್ನುಹುರಿಯ ಸ್ಟ್ರೋಕ್. ಮಿದುಳಿಗೆ ರಕ್ತ ನಿಂತ್ರ ಸ್ಟ್ರೋಕ್ ಅಂತೀರಲ್ಲ, ಹಂಗೇ ಹುರಿಗೆ ರಕ್ತ ಒಯ್ಯೋ ಸಣ್ಣ ನಾಳ ಮುಚ್ಚೇದ. ಹಿಂದಕ್ಕೆ ಜೋರಾಗಿ ಬಾಗಿದಾಗ ಎಲುಬಿನ ನಡುವಿನ ಮೆತ್ತೆಯ ಚೂರು ಹೋಗಿ ಸಿಕ್ಕೊಂಡಿರಬಹುದು. ಖಾತ್ರಿ ಹೇಳಾಕ ಬರಂಗಿಲ್ಲ."

"ಸ್ಟ್ರೋಕ್ ಮುದುಕ್ರಿಗೆ ಆಗೋದಲ್ರೀ?" ಅಂದ ಕಲ್ಲೇಶ.

"ಮಕ್ಕಳಿಗೆ ಭಾಳ ಅಪರೂಪ. ಅದಕ್ಕೇ ಯಾರಿಗೂ ನೆನಪಾಗಂಗಿಲ್ಲ. ಮೊದಲ ತಾಸುಗಳಾಗ ಫೋಟೋದಾಗ ಕಾಣದೇ ಇರಬಹುದು. ಅದಕ್ಕೇ ಮಗುವಿನ ಮಾತು ಬೇಕು. ಬೆನ್ನು ನೋವು ಬಂದು, ಕಾಲು ಸೋತು, ಮೂತ್ರ ನಿಂತ್ರ ನಾಟಕ ಅನ್ನೋದಲ್ಲ, ಓಡಿ ಬರೋದು."

"ಲಕ್ವಾನೇ ಅಂದಂಗಾತು. ಊರಾಗ ಪಾರಿವಾಳದ..." ಅಂತ ಶಾರದಾಬಾಯಿ ಬಾಯಿ ಹಾಕಿದರು.

"ಪಾರಿವಾಳ ತಂದ್ರ ಅದನ್ನೂ ಇಲ್ಲೇ ಅಡ್ಮಿಟ್ ಮಾಡ್ಕೋತೀನಿ" ಅಂದರು ವೇದವತಿ. ಆಮೇಲೆ ಪಾರಿವಾಳದ ಸುದ್ದಿ ಬರಲಿಲ್ಲ.

ಸಪ್ನಾ ಎಲ್ಲರ ಮನಸ್ಸಿನಲ್ಲಿದ್ದುದನ್ನು ಕೇಳಿದಳು. "ನಡೀತಾಳೇನ್ರಿ ಮೇಡಂ?"

"ಗೊತ್ತಿಲ್ಲ."

ಇಷ್ಟು ದಿನದಲ್ಲಿ ಯಾರಾದರೂ ಆಡಿದ ಮೊದಲ ನೆಟ್ಟಗಿನ ಮಾತು ಅದು. "ಹೋದ ನರ ಹಿಂದಕ್ಕೆ ತರೋ ಔಷಧಿ ನನ್ನ ಹತ್ರ ಇಲ್ಲ. ಬಿಪಿ ಬೀಳದಂಗ ನೋಡ್ಕೋತೀನಿ, ರಕ್ತ ಹೆಪ್ಪುಗಟ್ಟದಂಗ ಸಣ್ಣ ಗುಳಿಗಿ ಕೊಡ್ತೀನಿ, ಮೂತ್ರಕ್ಕೂ ಚರ್ಮಕ್ಕೂ ತೊಂದರೆ ಆಗದಂಗ ಕಾಯ್ತೀನಿ. ಉಳಿದದ್ದು ವ್ಯಾಯಾಮ. ಕೆಲವು ಮಕ್ಕಳು ನಡೀತಾರ, ಕೆಲವರು ಕೋಲು ಹಿಡದು, ಕೆಲವರು ಇಲ್ಲ. ಆದ್ರ ಇವಳು ಸುಳ್ಳು ಹೇಳಬಾರದು. ಇದ್ದದ್ದು ಇದೆ, ಇಲ್ಲದ್ದು ಇಲ್ಲ. ಅದರ ಮ್ಯಾಲೇ ನಾವು ಮುಂದ ಹೋಗೋದು."

ಮನೆಗೆ ಬಂದ ಮೇಲೆ ಶುರುವಾಯಿತು ನೋಡಿ, ಕಾಲು ಮಡಚು, ಚಾಚು, ಮಗ್ಗಲು ತಿರುಗಿಸು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಹುಡುಗಿ ಅಳುತ್ತಾಳೆ, ಸಪ್ನಾ ಅಳುತ್ತಾಳೆ, ಕಲ್ಲೇಶ ಬಾಲ್ಕನಿಗೆ ಹೋಗಿ ನಿಲ್ಲುತ್ತಾನೆ. ಅಂಗಡಿಯಲ್ಲಿ ಅಷ್ಟೆಲ್ಲ ಮಾತಾಡುವ ಗಂಡಸಿಗೆ ಮಗಳ ಕಾಲು ಹಿಡಿಯಲು ಧೈರ್ಯವಿಲ್ಲ. ಕೊನೆಗೆ ಕಾಲು ಹಿಡಿಯುವ ಕೆಲಸ ಕಾಲು ಮುಂದಾಗಿ ಹುಟ್ಟಿದವಳಿಗೇ ಬಂತು. ಇದರ ನಡುವೆ ನೋಡಲು ಬರುವವರ ಜಾತ್ರೆ ಬೇರೆ. ಬಂದವರೆಲ್ಲ ಸೇಬು ತಂದು, ಹುಡುಗಿಯ ಎದುರಿಗೇ "ಪಾಪ, ಎಂಥಾ ಕೂಸು" ಅಂತ ಚ್ಚ್ ಚ್ಚ್ ಅನ್ನುತ್ತಿದ್ದರು. ಕೆಳಗಿನ ಮ್ಯಾನೇಜರು ಬಂದು ಸೇಬಿಟ್ಟು, ಹೋಗುವಾಗ ಮೆಲ್ಲಗೆ, "ಅಮ್ಮಾ, ಮತ್ತೆ ಸೊಂಟ..." ಅಂದರು. ನಾನು ನೋಡಿದ ನೋಟಕ್ಕೆ ಅವರ ಸೊಂಟ ತಾನಾಗಿ ನೆಟ್ಟಗಾಗಿರಬೇಕು.

ಹಳೆಯ ಆಟವನ್ನು ಮಾತ್ರ ನಾನು ಬಿಡಲಿಲ್ಲ. ಬಟ್ಟೆ ಒಗೆದು ಬಂದವಳೇ ಒದ್ದೆ ಕಾಲನ್ನು ಅವಳ ಪಾದಕ್ಕೆ ಒತ್ತುತ್ತಿದ್ದೆ.

"ತಣ್ಣಗೈತೇನು?"

"ಇಲ್ಲ."

ಮರುದಿನ ಮತ್ತೆ. "ತಣ್ಣಗೈತೇನು?" "ಇಲ್ಲತ್ತಿ." ಒಂದು ದಿನ ನನ್ನ ಮುಖ ನೋಡಿ ಪಾಪ ಅನ್ನಿಸಿತೋ ಏನೋ, "ಸ್ವಲ್ಪ ಐತಿ" ಅಂದಳು. ನನಗೆ ಗೊತ್ತಾಯಿತು. "ಸುಳ್ಳು ಹೇಳಿದ್ರ ನಿನ್ನ ಬಾಯಿಗೆ ಒದಿತೀನಿ" ಅಂದೆ. ನಕ್ಕಳು. "ಇಲ್ಲ" ಅಂದಳು. ನಾನು ಒಳಗೆ ಹೋಗಿ ಮಷಿನ್ ತುಳಿಯುತ್ತಾ ಕೂತೆ. ಹೊಲಿಗೆ ಕಣ್ಣಿಗೆ ಕಾಣಲಿಲ್ಲ.

ಚಳಿಗಾಲ ಬಂತು. ಅವತ್ತು ಬೆಳಿಗ್ಗೆಯಿಂದ ನನ್ನ ತಲೆ ಕೆಟ್ಟು ಗೊಬ್ಬರವಾಗಿತ್ತು. ನಲ್ಲಿಯಲ್ಲಿ ನೀರು ಸಣ್ಣಗೆ, ಗಿರಾಕಿಯೊಬ್ಬಳು ಬ್ಲೌಸಿನ ಕುತ್ತಿಗೆ ದೊಡ್ಡದಾಯಿತು ಅಂತ ತಕರಾರು, ಫಿಜಿಯೋಥೆರಪಿಯ ಹುಡುಗಿ ಬರಲಿಲ್ಲ. ಭಾಗ್ಯಾ ಚಾಪೆಯ ಮೇಲೆ ಕಾಲು ಚಾಚಿ ಕೂತು ಗುಣಾಕಾರ ಮಾಡುತ್ತಿದ್ದಳು, ಅದೂ ತಪ್ಪು. "ಏಳೆಂಟ್ಲ ಐವತ್ತಾರೇ ಕತ್ತಿ!" ಅಂತ ಬೈಯುತ್ತಾ ಬಂದು, ಬೈಯುತ್ತಲೇ ರೂಢಿಯಂತೆ ನನ್ನ ಒದ್ದೆ ಪಾದವನ್ನು ಅವಳ ಬಲ ಅಂಗಾಲಿಗೆ ಒತ್ತಿದೆ. ಕೇಳುವುದನ್ನೇ ಮರೆತಿದ್ದೆ.

"ಏ, ತೆಗಿ ಅತ್ತಿ!"

ಅವಳ ಕೈಯಿಂದ ಪೆನ್ಸಿಲು ಬಿತ್ತು. ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿದೆವು.

"ಏನಂದಿ?"

"ತಣ್ಣಗ..." ಅಂದಳು. "ಪೂರಾ ಅಲ್ಲ. ಈ ಕಡೆ, ಹೆಬ್ಬೆಳ್ಳಿನ ಕಡೆ. ಖರೇನ ಅತ್ತಿ, ಸುಳ್ಳಲ್ಲ!"

ನಾನು ಕಾಲು ತೆಗೆಯಲಿಲ್ಲ. ತೆಗೆಯಲು ಬರಲೇ ಇಲ್ಲ, ಹಾಗೇ ಗೋಡೆ ಹಿಡಿದು ನಿಂತಿದ್ದೆ. ಅವಳು ಹಲ್ಲು ಕಚ್ಚಿದಳು. ಹಣೆಯ ಮೇಲೆ ನರ ಉಬ್ಬಿತು. ಅವಳ ಅಂಗಾಲು ನನ್ನ ಅಂಗಾಲನ್ನು ದೂಡಿತು. ಅದನ್ನು ದೂಡುವುದು ಅನ್ನಬೇಕೋ ಏನನ್ನಬೇಕೋ, ಗುಬ್ಬಿ ಕಾಲಿಟ್ಟಷ್ಟು. ಆದರೆ ದೂಡಿತು. ಜನ್ಮವಿಡೀ ಊರನ್ನು ಒದ್ದ ನನ್ನನ್ನು ಅವತ್ತು ಒಬ್ಬರು ಒದ್ದರು.

ಸಪ್ನಾ ಲಟ್ಟಣಿಗೆ ಹಿಡಿದುಕೊಂಡೇ ಓಡಿ ಬಂದಳು. ನಾನು ಅಳುತ್ತಿದ್ದೆ, ಎಲ್ಲರೆದುರಿಗೆ, ನಾಚಿಕೆ ಇಲ್ಲದೆ. ಭಾಗ್ಯಾ ಏದುಸಿರು ಬಿಡುತ್ತಾ, ಕೆನ್ನೆ ಕೆಂಪಗೆ ಮಾಡಿಕೊಂಡು, ನಾನು ಬಂದವರನ್ನು ಕೇಳುವ ಠೀವಿಯಲ್ಲೇ ಕೇಳಿದಳು.

"ಹೋತೇನತ್ತಿ?"

ನೇಮದ ಪ್ರಕಾರ ಹೋತು ಅನ್ನಬೇಕು. ಸೆರಗಿನಿಂದ ಮೂಗು ಒರೆಸಿಕೊಂಡೆ.

"ಪೂರಾ ಹೋಗಿಲ್ಲ" ಅಂದೆ. "ಇನ್ನೊಮ್ಮಿ ಒದಿ."